ಬದನಿಕೆಯ ಬಾಣಂತನ

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ ಅದು. ಗಿಡಗಳು ಬೇರನ್ನೇ ಕಾಲು ಮಾಡಿಕೊಂಡು ನಡೆದಾಡುತ್ತಿದ್ದವು. ಈಗ ಮಾವಿನ ಕೊಂಬೆ ಮೇಲೆ ಕೂತು ಮೆರೆಯುತ್ತಾಳಲ್ಲ ಬದನಿಕೆ, ಅವಳಿಗೂ ಬೇರಿತ್ತು. ತನ್ನ ನೀರು ತಾನೇ ಸೇದಿಕೊಂಡು ಬದುಕುತ್ತಿದ್ದಳು. ನಗಬೇಡ ಮಗಾ, ಇದು ನಗುವ ಕಥೆಯಲ್ಲ.

ಒಂದು ದಿನ ಬದನಿಕೆ, ತುಂಬು ಬಸುರಿ, ಮಾವಿನ ಬುಡಕ್ಕೆ ಬಂದು ತನಗೆ ತವರಿಲ್ಲ, ನೋಡಿಕೊಳ್ಳುವವರಿಲ್ಲ ಎಂದು ಅತ್ತಳು. ಮಾವು ಆ ವರ್ಷವೇ ಮೊದಲ ಸಲ ಹೂಬಿಟ್ಟಿದ್ದಳು, ಅದೂ ಒಂದೇ ಕೊಂಬೆಯ ತುದಿಯಲ್ಲಿ. ಅದು ಕಾಯಾಗುವುದನ್ನೇ ಕಾಯುತ್ತಿದ್ದಳು. ಆದರೂ ಬಸುರಿಯನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವುದುಂಟೇ? ಬಾ ತಂಗಿ, ನಿನ್ನ ಬಾಣಂತನ ನಾನು ಮಾಡುತ್ತೇನೆ ಎಂದಳು.

ಮಾಡಿದಳು ನೋಡು. ಬಾಣಂತಿ ತಣ್ಣನೆಯ ನೆಲಕ್ಕೆ ಕಾಲಿಡಬಾರದು ಎಂದು ಅದೇ ಕೊಂಬೆಯ ಮೇಲೆ ಕೂರಿಸಿದಳು. ನೀರು ಸೇದಬಾರದು ಎಂದು ತಾನೇ ಸೇದಿ ಕುಡಿಸಿದಳು. ಬದನಿಕೆ ಸಣ್ಣ ಸಣ್ಣ ಹಣ್ಣು ಹೆತ್ತಳು, ಮೈ ತುಂಬಿಕೊಂಡಳು. ಒಂದು ತಿಂಗಳಾಯಿತು, ಮೂರಾಯಿತು. ಇಳಿಯುವ ಮಾತೇ ಇಲ್ಲ. ಇವತ್ತು ತಲೆನೋವು, ನಾಳೆ ಸೊಂಟನೋವು. ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದಂತೆ.

ಕೊಂಬೆಯ ತುದಿಗೆ ನೀರು ಹೋಗಲಿಲ್ಲ. ಗೋಲಿಯಷ್ಟಾಗಿದ್ದ ಮಿಡಿಗಳು ಒಂದೊಂದೇ ಉದುರಿದವು. ಕೊನೆಯದೂ ಬಿದ್ದ ದಿನ ಮಾವು ಬಾಯಿಬಿಟ್ಟಳು.

"ಇಳಿ ತಂಗಿ. ನನ್ನ ಮಕ್ಕಳು ಉದುರಿಹೋದವು."

ಬದನಿಕೆ ಕಾಲು ಚಾಚಲು ನೋಡಿದಳು. ಕಾಲೇ ಇರಲಿಲ್ಲ. ಕೂತಲ್ಲೇ ಕೂತು ಅವು ಮಾವಿನ ಮೂಳೆಯೊಳಗೆ ಇಳಿದುಬಿಟ್ಟಿದ್ದವು.

"ಹೇಗೆ ಇಳಿಯಲಿ ಅಕ್ಕಾ? ನೆಲಕ್ಕೆ ಕಾಲಿಡಬೇಡ ಅಂದವಳು ನೀನೇ ತಾನೆ."

ಕೇಳಿದೆಯಾ ಮಾತು? ಉಂಡ ಮನೆಗೆ ಎರಡು ಬಗೆದು, ತಪ್ಪನ್ನೂ ಉಣಿಸಿದವಳ ತಲೆಗೇ ಕಟ್ಟಿದಳು. ನನಗಂತೂ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮಾವು ಒಂದು ಪುಟಾಣಿ ಹಕ್ಕಿಯನ್ನು ಅಂಗಲಾಚಿದಳು. ಇವಳ ಮಕ್ಕಳನ್ನಾದರೂ ನೆಲಕ್ಕೆ ಒಯ್ದು ನಡೆಯಲು ಕಲಿಸು ಎಂದಳು. ಹಕ್ಕಿ ಹಣ್ಣು ನುಂಗಿ ಹಾರಿತು. ಆದರೆ ತಾಯಿಯಂತೆ ಮಕ್ಕಳು. ಹಿಕ್ಕೆಯ ಜೊತೆ ಹೊರಬಂದ ಬೀಜ ಹಕ್ಕಿಯ ಹಿಂಬದಿಗೇ ಅಂಟಿಕೊಂಡಿತು. ಬೇಸತ್ತ ಹಕ್ಕಿ ಮಾವಿನ ಇನ್ನೊಂದು ಕೊಂಬೆಗೇ ಅದನ್ನು ಉಜ್ಜಿ ಹೋಯಿತು.

ಅದಕ್ಕೇ ಮಗಾ, ನಮ್ಮ ಹಿತ್ತಲ ಮಾವಿನ ತುದಿಯೆಲ್ಲ ಒಣಗಿದ್ದರೂ ನಡುವೆ ಅವಳೊಬ್ಬಳು ಹಸಿರಾಗಿ, ಕೆಂಪು ಹೂ ಮುಡಿದು ಕೂತಿದ್ದಾಳೆ. ಮರ ಸತ್ತ ದಿನ ಅವಳೂ ಸಾಯುತ್ತಾಳೆ. ಅಲ್ಲಿಯವರೆಗೆ ಮಾವು ತನ್ನ ಮಿಡಿಗಿಂತ ಮೊದಲು ಅವಳಿಗೇ ನೀರು ಕುಡಿಸುತ್ತಿರುತ್ತಾಳೆ.