ಕಿರುಗುಟ್ಟುವ ಮನೆಯ ಮೋನಪ್ಪ

ಬಹಳ ಹಿಂದೆ, ನಮ್ಮ ಅಜ್ಜಂದಿರಿಗೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಒಂದೂರಲ್ಲಿ ಮೋನಪ್ಪ ಅಂತ ಒಬ್ಬ ಕಮ್ಮಾರನಿದ್ದನಂತೆ. ಅವನು ಸೀನಿದರೆ ಸಾಕು, ತಿದಿ ಊದದೆ ಕುಲುಮೆ ಹೊತ್ತಿಕೊಳ್ಳುತ್ತಿತ್ತಂತೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವರ ಮೀಸೆ ಬೋಳಿಸಿ, ಹೇಳಿದ್ದು ಅಜ್ಜಿ.

ಆ ಊರಿನ ನೆಲಕ್ಕೆ ಆಗಾಗ ನಡುಕ ಬರುತ್ತಿತ್ತಂತೆ. ಒಂದು ಸಲ ಕಲ್ಲಿನ ಗೋಡೆ ಬಿದ್ದು ಮೋನಪ್ಪನ ಹೆಂಡತಿ ಹೋದಳು. ಅವತ್ತಿನಿಂದ ಅವನು ಕಲ್ಲು ಬಿಟ್ಟು ಉಕ್ಕು ಹಿಡಿದ, ತನಗೂ ಊರವರಿಗೂ ಉಕ್ಕಿನ ಮನೆಯನ್ನೇ ಕಟ್ಟತೊಡಗಿದ. ಗಿಡ್ಡ ಮನೆ, ಉಕ್ಕಿನ ಕಂಬ, ಉಕ್ಕಿನ ತೊಲೆ, ಕಂಬದಿಂದ ಕಂಬಕ್ಕೆ ಓರೆಯಾಗಿ ಒಂದು ಪಟ್ಟಿ. ಆ ಪಟ್ಟಿಯ ನಡುವೆ ಒಂದು ಗೇಣು ಮಾತ್ರ ಬೇಕಂತಲೇ ತೆಳ್ಳಗೆ ಬಡಿದು ಮೆತ್ತಗೆ ಬಿಡುತ್ತಿದ್ದ. ನೆಲ ನಡುಗಿದರೆ ಆ ಗೇಣು ಬಾಗಿ ಪೆಟ್ಟು ತಿನ್ನಬೇಕು, ಕಂಬ ಉಳಿಯಬೇಕು. ಆದರೆ ಗಾಳಿ ಬೀಸಿದರೂ ಮನೆ ಕಿರುಗುಟ್ಟುತ್ತಿತ್ತು.

“ಏನೋ ಮೋನ್ಯಾ, ಮನಿ ಕಟ್ಟೀಯೋ, ತೊಟ್ಟಿಲ ಕಟ್ಟೀಯೋ?” ಅಂತ ಊರಗೌಡರು ನಕ್ಕರಂತೆ.

“ಬಾಗಿದ್ದು ಉಳೀತೈತ್ರಿ ಗೌಡ್ರ, ಬೀಗಿದ್ದು ಬೀಳತೈತಿ.”

ಬಿಗಿ ಮಾಡಿಕೊಡು ಅಂತ ಗೌಡರು ಕೇಳಿದರೂ ಮಾಡಲಿಲ್ಲವಂತೆ. ಊರೇ ಕೇಳಿದರೂ ಮಾಡಲಿಲ್ಲವಂತೆ. ಆಮೇಲೆ ಮಗಳು ಚಂಪವ್ವ ಬಾಣಂತನಕ್ಕೆ ಬಂದಳು.

“ಯಪ್ಪಾ, ನಿನ್ನ ಮನಿ ಹಗಲೂ ರಾತ್ರಿ ನರಳತೈತಿ. ಕೂಸು ಕಣ್ಣ ಮುಚ್ಚವಲ್ದು. ನನ್ನ ಖೋಲಿ ಒಂದಾದ್ರೂ ಬಿಗಿ ಮಾಡೋ.”

ಮೂರು ದಿನ ಒಲ್ಲೆ ಅಂದ. ನಾಲ್ಕನೇ ದಿನ ಮಗಳ ಕಣ್ಣ ಕೆಳಗಿನ ಕಪ್ಪು ನೋಡಿದ. ಆ ತೆಳ್ಳನೆ ಗೇಣುಗಳ ಮೇಲೆ ದಪ್ಪ ತುಂಡು ಕೂಡಿಸಿ ಮೊಳೆ ಜಡಿದ. ಖೋಲಿ ಗಪ್ಪಾಯಿತು. ತಾಯಿ, ಕೂಸು ನಿದ್ದೆ ಹೋದರು. ಮೋನಪ್ಪ ಹೊಸ್ತಿಲಲ್ಲಿ ಕೂತು ಆ ಸದ್ದಿಲ್ಲದ್ದನ್ನೇ ಕೇಳುತ್ತಿದ್ದನಂತೆ.

ಮೊಳೆ ಜಡಿದ ಒಂಬತ್ತನೇ ದಿನ ಬೆಳಗ್ಗೆ ಸೂಲಗಿತ್ತಿ ಕೂಸನ್ನು ಎಳೆಬಿಸಿಲಿಗೆ ಒಯ್ದಿದ್ದಳು. ಚಂಪವ್ವ ಒಳಗೆ ಮಲಗಿದ್ದಳು. ನೆಲ ನಡುಗಿತು. ಊರಿನ ಉಕ್ಕಿನ ಮನೆಗಳೆಲ್ಲ ಕುಡಿದವರ ಹಾಗೆ ತೂಗಾಡಿದವು, ಪಟ್ಟಿಗಳು ಸುಕ್ಕಾದವು, ಒಂದೂ ಬೀಳಲಿಲ್ಲ. ಆ ಖೋಲಿಯ ಪಟ್ಟಿ ಬಾಗಲಿಲ್ಲ. ಕಂಬ ಬುಡದಲ್ಲೇ ಮುರಿಯಿತು. ತೊಲೆ ಚಂಪವ್ವನ ಮೇಲೆ ಬಿತ್ತು.

ಬದುಕಿದವರು ಕಾಲಿಗೆ ಬೀಳಲು ಬಂದರೆ ಮೋನಪ್ಪ ಆ ನೆಟ್ಟಗಿದ್ದ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಕುಲುಮೆ ಆರಿಯೇ ಹೋಯಿತಂತೆ. ಈ ಮಾತಿಗೆ ಮಾತ್ರ ಇವತ್ತಿನವರೆಗೆ ಯಾರೂ ಉಪ್ಪುಖಾರ ಹಚ್ಚಿಲ್ಲ.

ಈಗಲೂ ಆ ಊರಲ್ಲಿ ಮನೆ ಕಟ್ಟುವವರು ಆ ಗೇಣನ್ನು ಮೆತ್ತಗೇ ಬಿಡುತ್ತಾರೆ. ಅದಕ್ಕೆ ಚಂಪವ್ವನ ಗೇಣು ಅನ್ನುತ್ತಾರೆ. ಗಾಳಿಗೆ ಮನೆ ಕಿರುಗುಟ್ಟಿ ಕೂಸು ಎದ್ದರೆ ಯಾರೂ ಸುತ್ತಿಗೆ ಹುಡುಕುವುದಿಲ್ಲ. ತಾಯಂದಿರು ತೊಟ್ಟಿಲು ತೂಗುತ್ತ ಅನ್ನುತ್ತಾರಂತೆ: “ಮಲಕ್ಕೋ ಕಂದಾ, ಮನಿ ಎಚ್ಚರ ಐತಿ.”