ಮೊಳೆ ಜೋಡಿಸುವವನ ಕೈ

“ನಗೆಬರಹ ಗೆದ್ದಿತೋ ಸೋತಿತೋ ಎಂದು ತಿಳಿಯುವುದು ಹೇಗೆ, ರಾಯರೇ? ನನ್ನದನ್ನು ಸಂಘದಲ್ಲಿ ಓದಿದಾಗ ಜನ ಬಿದ್ದು ಬಿದ್ದು ನಕ್ಕರು. ನೀವು ಮಾತ್ರ ಹಿಂದಕ್ಕೆ ಕೊಟ್ಟಿರಿ” ಎಂದು ತಿಪ್ಪೇಶ ಕೇಳಿದ.

ಹಳೆಯ ಸಂಪಾದಕರಾದ ವಾಮನರಾಯರು ಒಂದು ಕತೆ ಹೇಳಿದರು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಒಂದು ಊರಿನಿಂದ ನಗೆಮಾಸಿಕವೊಂದು ಹೊರಡುತ್ತಿತ್ತು. ಅದರ ಸಂಪಾದಕ ತನ್ನ ನಗುವನ್ನು ತಾನೇ ನಂಬುತ್ತಿರಲಿಲ್ಲ. ಬಂದ ಬರಹವನ್ನು ನೇರವಾಗಿ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಮುದುಕನ ಮುಂದಿಟ್ಟು, ತಾನು ಮೂಲೆಯಲ್ಲಿ ಕೂರುತ್ತಿದ್ದ. ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಸಾಲು ಕಟ್ಟುವಾಗ ಮುದುಕನ ಕೈ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ನಗು ಬಂದರೆ ಮಾತ್ರ ನಿಲ್ಲುತ್ತಿತ್ತು. ಕೈ ನಿಂತರೆ ಬರಹ ಅಚ್ಚಿಗೆ. ನಿಲ್ಲದಿದ್ದರೆ ಮೊಳೆಗಳು ಮರಳಿ ಗೂಡಿಗೆ.

ಆ ಮಾಸಿಕದಲ್ಲಿ ಒಬ್ಬ ಲೇಖಕನಿಗೆ ಒಂದು ಪುಟ ಮೀಸಲಾಗಿತ್ತು. ಎರಡು ತಿಂಗಳು ಅವನ ಬರಹಕ್ಕೆ ಮುದುಕನ ಕೈ ನಿಲ್ಲಲಿಲ್ಲ. ಪುಟದಲ್ಲಿ ಹಲ್ಲುಪುಡಿಯ ಜಾಹೀರಾತು ಬಂತು. “ಈ ಸಲವೂ ಹೀಗೇ ಆದರೆ ಪುಟ ಪದ್ಯ ಬರೆಯುವವರಿಗೆ” ಎಂದ ಸಂಪಾದಕ. ಲೇಖಕನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

ಅವನು ಯೋಚಿಸಿದ. ಮುದುಕನ ಕೈ ನಿಲ್ಲಬೇಕಾದರೆ ಮುದುಕನ ಮೇಲೆಯೇ ಬರೆಯಬೇಕು. ಮುದುಕನಿಗೆ ದೃಷ್ಟಿ ಮಂದ. ಹಾಳೆಯನ್ನು ಮುಖಕ್ಕೆ ತಾಗಿಸಿ ಓದುತ್ತಿದ್ದ. ‘ಅಕ್ಷರಗಳನ್ನು ಮೂಸಿ ಗುರುತು ಹಿಡಿಯುವ ಪಂಡಿತ’ ಎಂದು ಲೇಖಕ ಬರೆದ. ಅಚ್ಚುಕೂಟದ ಉಳಿದವರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಟ ಉಳಿಯಿತು ಎಂದುಕೊಂಡ ಲೇಖಕ.

ಮುದುಕ ಹಾಳೆಯನ್ನು ಮೂಗಿಗೆ ಹಿಡಿದು ಜೋಡಿಸತೊಡಗಿದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೈ ನಿಲ್ಲಲಿಲ್ಲ.

“ಏನಜ್ಜಾ, ಸುಳ್ಳು ಬರೆದೆನೇ?” ಎಂದ ಲೇಖಕ.

“ಸುಳ್ಳೇನಿಲ್ಲ ಸ್ವಾಮಿ. ನನ್ನ ಮೂಗು ನನಗೆ ಗೊತ್ತು. ಇದನ್ನು ಬರೆಯುವಾಗ ನಿಮ್ಮ ಮೂಗು ಎಲ್ಲಿತ್ತು? ಅದನ್ನು ಬರೆಯಲೇ ಇಲ್ಲವಲ್ಲ.”

ಲೇಖಕ ಸಿಟ್ಟಿನಿಂದ ಬಾಗಿಲ ತನಕ ಹೋದ. ಮರಳಿ ಬಂದ. ಅಲ್ಲೇ ನಿಂತು ಹೊಸ ಹಾಳೆಯಲ್ಲಿ ಬರೆದ. ಪುಟ ಕೈತಪ್ಪೀತೆಂಬ ಹೆದರಿಕೆಗೆ ಒಬ್ಬ ಮುದುಕನ ಮೂಗಿಗೆ ಕೈ ಹಾಕಿದ್ದು, ಅದನ್ನು ಹೆಂಡತಿಯ ಮುಂದೆ ಅಭಿನಯಿಸಿ ಓದಿದ್ದು, ಈಗ ನಗುತ್ತಾಳೆ ಎಂದು ತಲೆಯೆತ್ತಿದರೆ ಅವಳು ಗೋಡೆಗೊರಗಿ ನಿದ್ದೆ ಹೋಗಿದ್ದು.

ಅದನ್ನು ಜೋಡಿಸುತ್ತ ಆರನೆಯ ಸಾಲಿಗೆ ಬಂದಾಗ ಮುದುಕನ ಕೈ ನಿಂತಿತು.

“ತಾಯಿ ನಿಜವಾಗಿ ಮಲಗಿಬಿಟ್ಟರೇ, ಸ್ವಾಮಿ?”

“ಗೊರಕೆಯನ್ನೂ ಹೊಡೆದಳು.”

ಸಂಪಾದಕ ಮೂಲೆಯಿಂದ ಎದ್ದು, “ಅಚ್ಚಿಗೆ ಹೋಗಲಿ” ಎಂದ.

ಕತೆ ನಿಲ್ಲಿಸಿ ರಾಯರು ಹೇಳಿದರು: “ಆ ಪುಟ ಹನ್ನೊಂದು ವರ್ಷ ನಡೆಯಿತು, ಊರಿನ ಯಾವ ದೊಡ್ಡವನನ್ನೂ ಬಿಡಲಿಲ್ಲ, ಆದರೆ ಪ್ರತಿ ತಿಂಗಳೂ ಮೊದಲ ಏಟು ಬರೆದವನಿಗೇ.”

ತಿಪ್ಪೇಶ ಹಿಂದಕ್ಕೆ ಬಂದ ತನ್ನ ಬರಹವನ್ನು ಬಿಡಿಸಿ, ಅದರಲ್ಲಿ ತಾನು ಎಲ್ಲಿದ್ದೇನೆ ಎಂದು ಮೊದಲ ಸಾಲಿನಿಂದ ಹುಡುಕತೊಡಗಿದ.