ಕೀಪರನನ್ನು ಮುಂದಕ್ಕೆ ಕರೆದದ್ದು

ಶಿಷ್ಯ ಕೇಳಿದ: "ಗುರುಗಳೇ, ಮೊನ್ನೆಯ ವಾಕ್ಯಾರ್ಥ ಸಭೆಯಲ್ಲಿ ವಾದ ಗೆದ್ದವನು ನಾನು. ಹಾಗೆಂದು ನೀವೇ ತೀರ್ಪು ಕೊಟ್ಟಿರಿ. ಅಂದಿನಿಂದ ನನ್ನ ಸಹಪಾಠಿ ಮಾತು ಬಿಟ್ಟಿದ್ದಾನೆ. ಊಟಕ್ಕೂ ಬೇರೆ ಸಾಲಿನಲ್ಲಿ ಕೂರುತ್ತಾನೆ. ಸೋತವನೇ ಗೆದ್ದವನ ಬಳಿಗೆ ಬರಬೇಕಲ್ಲವೇ?"

ಗುರುಗಳು ಹೆಚ್ಚು ಮಾತಿನವರಲ್ಲ. ತರ್ಕ ಪಾಠ ಹೇಳಿ ಹೇಳಿ ಅವರಿಗೆ ಮಾತು ಸಾಕಾಗಿತ್ತು.

"ಫುಟ್‌ಬಾಲ್ ಗೊತ್ತೇ?" ಎಂದರು.

"ನೋಡಿದ್ದೇನೆ."

"ಸಾಕು. ಕುಳಿತುಕೋ."

ಶಿಷ್ಯ ಕುಳಿತ. ಗುರುಗಳು ಹೇಳಿದರು:

ಒಂದು ಊರು. ಅಲ್ಲಿ ಒಂದು ಕಬ್ಬಿಣದ ಕಾರ್ಖಾನೆ, ಒಂದು ಕಾಲೇಜು, ಒಂದು ಮೈದಾನ. ಕಾರ್ಖಾನೆಯ ಕೆಲಸಕ್ಕೆಂದು ದೂರದಿಂದ ಬಂದವರು ಫುಟ್‌ಬಾಲ್ ತಂದರು. ಊರಿನ ಹುಡುಗರು ಕಲಿತರು. ಒಂದು ವರ್ಷ ಕಾಲೇಜಿನ ತಂಡ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿತು. ಆಟ ಅದೇ ಊರಿನ ಮೈದಾನದಲ್ಲಿ.

ಆ ಊರಿನಲ್ಲಿ ಒಬ್ಬ ದರ್ಜಿ ಇದ್ದ. ಒಬ್ಬ ಸೈಕಲ್ ರಿಪೇರಿಯವನಿದ್ದ. ಇಬ್ಬರಿಗೂ ಇಪ್ಪತ್ತೆರಡು ವಯಸ್ಸು. ಇಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ತಂಡದ ಹನ್ನೊಂದು ಅಂಗಿಗಳನ್ನು ಹೊಲಿದವನು ದರ್ಜಿ. ಚೆಂಡಿನ ಬ್ಲಾಡರಿಗೆ ಪಂಕ್ಚರ್ ಹಾಕಿ ಗಾಳಿ ತುಂಬಿ ಕೊಡುತ್ತಿದ್ದವನು ಸೈಕಲ್ ರಿಪೇರಿಯವನು. ಹಾಗಾಗಿ ತಂಡ ತಮ್ಮದೆಂದು ಇಬ್ಬರೂ ತಿಳಿದಿದ್ದರು. ಮೈದಾನದ ಗೋಡೆಯ ಮೇಲೆ ಅಕ್ಕಪಕ್ಕ ಕುಳಿತು ಆಟ ನೋಡಿದರು.

ಆ ಪಂದ್ಯಾವಳಿಗೆ ಒಂದು ನಿಯಮವಿತ್ತು. ಫೈನಲ್ ಸಮಸಮ ಆದರೆ ಇಬ್ಬರೂ ಗೆದ್ದ ಹಾಗೆ. ಕಪ್ ಆರು ತಿಂಗಳು ಒಂದು ಕಾಲೇಜಿನಲ್ಲಿ, ಆರು ತಿಂಗಳು ಇನ್ನೊಂದು ಕಾಲೇಜಿನಲ್ಲಿ ಇರಬೇಕು.

ಆಟ ಮುಗಿಯಲು ಒಂದು ನಿಮಿಷವಿತ್ತು. ಎರಡೂ ಕಡೆ ಒಂದೊಂದು ಗೋಲು. ಊರಿನ ತಂಡಕ್ಕೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಆಗ ನಾಯಕ ಹಿಂದೆ ತಿರುಗಿ ಕೈ ಎತ್ತಿದ. ತನ್ನ ಗೋಲ್ ಕೀಪರನನ್ನು ಮುಂದಕ್ಕೆ ಕರೆದ. ಕೀಪರ್ ಎಲ್ಲರಿಗಿಂತ ಎತ್ತರದವನು. ತಲೆಯಿಂದ ಚೆಂಡು ಹೊಡೆಯಲಿ ಎಂದು ನಾಯಕನ ಆಸೆ. ಕೀಪರ್ ತನ್ನ ಗೋಲು ಬಿಟ್ಟು ಓಡಿ ಬಂದ.

ಚೆಂಡು ಬಂತು. ಕೀಪರ್ ಹಾರಿದ. ಚೆಂಡು ಅವನ ತಲೆಯ ಮೇಲೆ ಹಾದುಹೋಯಿತು. ಎದುರು ತಂಡದ ಒಬ್ಬ ಕುಳ್ಳ ಅದನ್ನು ಕಾಲಲ್ಲಿ ತಡೆದು ಮುಂದಕ್ಕೆ ತಳ್ಳಿಕೊಂಡು ಓಡಿದ. ಎದುರಿಗೆ ಯಾರೂ ಇರಲಿಲ್ಲ. ದೂರದಿಂದಲೇ ಒದ್ದ. ಚೆಂಡಿಗೆ ಅವಸರವಿರಲಿಲ್ಲ. ಉರುಳುತ್ತಾ ಉರುಳುತ್ತಾ ಖಾಲಿ ಗೋಲಿನ ಗೆರೆ ದಾಟಿತು. ಸೀಟಿ ಊದಿದರು. ಆ ಸಂಜೆಯ ಬಸ್ಸಿನಲ್ಲಿ ಕಪ್ ಬೇರೆ ಊರಿಗೆ ಹೋಯಿತು.

ಗೋಡೆಯಿಂದ ಇಳಿಯುವ ಮೊದಲೇ ವಾದ ಶುರುವಾಯಿತು.

ದರ್ಜಿ ಹೇಳಿದ, ನಾಯಕ ಮಾಡಿದ್ದು ಸರಿ. ಸೈಕಲ್ ರಿಪೇರಿಯವನು ಹೇಳಿದ, ತಪ್ಪು.

ಮೊದಲು ಊರಿಗೆ ಊರೇ ಈ ವಾದದಲ್ಲಿತ್ತು. ಕಾರ್ಖಾನೆಯ ಗೇಟಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಅದೇ ಮಾತು. ವರ್ಷ ಕಳೆಯಿತು. ಹತ್ತು ಜನ ಉಳಿದರು. ಮತ್ತೆ ಕೆಲವು ವರ್ಷ ಕಳೆದವು. ಇಬ್ಬರು ಉಳಿದರು.

ಇಬ್ಬರೂ ದಿನಾ ಸಂಜೆ ಐದಕ್ಕೆ ಕಾರ್ಖಾನೆಯ ಸೈರನ್ ಕೂಗಿದಾಗ ಒಂದು ಹೋಟೆಲಿನಲ್ಲಿ ಸೇರುತ್ತಿದ್ದರು. ಬೈ ಟು ಚಹಾ ಹೇಳುತ್ತಿದ್ದರು. ಒಂದು ಚಹಾ, ಎರಡು ಗ್ಲಾಸು.

"ಕೀಪರ್ ಆರಡಿ ಎರಡಂಗುಲ ಕಣೋ ಹಾಲೇಶ. ಅಂಗಿ ಹೊಲಿದವನು ನಾನು. ಅಂಥವನನ್ನು ಕಂಬದ ಕೆಳಗೆ ನಿಲ್ಲಿಸಿ ಪೂಜೆ ಮಾಡಬೇಕಿತ್ತಾ?" ಎಂದು ದರ್ಜಿ ಕೇಳುವನು.

"ಮನೆ ಬಾಗಿಲು ತೆಗೆದಿಟ್ಟು ಸಂತೆಗೆ ಹೋದರೆ ಹೀಗೇ ಆಗೋದು ತುಕೋಜಿ," ಎಂದು ಸೈಕಲ್ ರಿಪೇರಿಯವನು ಹೇಳುವನು.

"ಆರು ತಿಂಗಳ ಕಪ್ ಯಾರಿಗೆ ಬೇಕಿತ್ತು?"

"ನನಗೆ ಬೇಕಿತ್ತು. ಕಾಲೇಜಿನ ಗಾಜಿನ ಬೀರುವಿನಲ್ಲಿ ಇಡೋರು. ಹೋಗಿ ನೋಡ್ಕೊಂಡು ಬರ್ತಿದ್ದೆ."

"ಅದು ಬಾಡಿಗೆ ಕಪ್."

"ಆಗಲಿ. ಈಗ ಅದೂ ಇಲ್ಲವಲ್ಲ!"

ಹೋಟೆಲು ನಡೆಸುತ್ತಿದ್ದವಳು ಒಬ್ಬ ಹೆಂಗಸು. ಒಂದು ದಿನ ಅವಳು ಹೇಳಿದಳು: "ದಿನಾ ಒಂದು ಚಹಾನ ಅರ್ಧರ್ಧ ಕುಡೀತೀರ. ಅವತ್ತು ಕಪ್ ಅರ್ಧರ್ಧ ಮಾಡ್ಕೊಳ್ಳೋಕೆ ನಿಮಗೇನು ರೋಗ ಬಂದಿತ್ತು?"

"ಅಕ್ಕಾ, ನೀನು ಯಾರ ಪಾರ್ಟಿ?" ಎಂದ ದರ್ಜಿ.

"ಗ್ಲಾಸು ತೊಳೆಯೋ ಪಾರ್ಟಿ. ಬೇಗ ಕುಡಿದು ಕೊಡಿ."

ಹೀಗೆ ಮೂವತ್ತೊಂಬತ್ತು ವರ್ಷ ನಡೆಯಿತು. ಅಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿತ್ತು, ಮಕ್ಕಳಾಗಿದ್ದರು, ಮೊಮ್ಮಕ್ಕಳಾಗಿದ್ದರು. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಯಿತು, ಆಮೇಲೆ ನಿಂತಿತು. ಸೈರನ್ ನಿಂತಿತು. ಗಡಿಯಾರ ನೋಡಿಕೊಂಡು ಐದಕ್ಕೆ ಬರತೊಡಗಿದರು. ಕಾಲೇಜು ಫುಟ್‌ಬಾಲ್ ತಂಡ ಕಟ್ಟುವುದನ್ನು ಬಿಟ್ಟಿತು. ಮೈದಾನದ ಒಂದು ಕಡೆ ಹೊಸ ಕಟ್ಟಡ ಎದ್ದಿತು. ಒಂದು ಗೋಲಿನ ಕಂಬಗಳನ್ನು ಕಿತ್ತರು. ಇನ್ನೊಂದರ ಕಂಬಕ್ಕೆ ಯಾರೋ ಹಸು ಕಟ್ಟುತ್ತಿದ್ದರು. ಅದು ಚೆಂಡು ಉರುಳಿ ಹೋದ ಗೋಲು. ಅದು ಗೊತ್ತಿದ್ದವರು ಇಬ್ಬರೇ.

ಆ ವರ್ಷ ಕಾಲೇಜಿನ ಸುವರ್ಣ ಮಹೋತ್ಸವ ಬಂತು. ಹಳೆಯ ವಿದ್ಯಾರ್ಥಿಗಳನ್ನು ಕರೆಸಿದರು. ಆ ನಾಯಕನೂ ಬರುತ್ತಾನೆಂದು ಸುದ್ದಿಯಾಯಿತು. ಪಂದ್ಯ ಮುಗಿದ ವರ್ಷವೇ ಊರು ಬಿಟ್ಟವನು ಅವನು. ಮತ್ತೆ ಬಂದಿರಲಿಲ್ಲ.

ಇಬ್ಬರೂ ಅಂಗಡಿ ಮುಚ್ಚಿದರು. ಒಗೆದ ಅಂಗಿ ತೊಟ್ಟರು. ಕಾಲೇಜಿನ ಗೇಟಿನ ಬಳಿ ಮಧ್ಯಾಹ್ನದಿಂದ ನಿಂತರು.

ನಾಯಕ ಹೊರಗೆ ಬಂದ. ತಲೆ ಬೋಳಾಗಿತ್ತು. ಮಂಡಿ ನೋವಿನಿಂದ ನಿಧಾನ ನಡೆಯುತ್ತಿದ್ದ. ದರ್ಜಿ ಮುಂದೆ ಹೋದ.

"ಸಾರ್, ಫೈನಲ್ ದಿನ ನೀವು ಹಾಕಿದ್ದ ಅಂಗಿ ನಾನು ಹೊಲಿದದ್ದು. ಎಂಟನೇ ನಂಬರು."

ನಾಯಕ ಅವನ ಕೈ ಹಿಡಿದುಕೊಂಡ. ದರ್ಜಿ ಕೇಳಿದ: "ಅವತ್ತು ಕೊನೇಲಿ ಕೀಪರನ್ನ ಮುಂದಕ್ಕೆ ಕರೆದಿರಲ್ಲ ಸಾರ್. ಅದು ಸರೀನೇ ಅಲ್ವಾ?"

ನಾಯಕ ನಕ್ಕ. "ಇನ್ನೂ ನೆನಪಿದೆಯಾ ನಿಮಗೆ? ತಪ್ಪು ಮಾಡಿದೆ ಕಣ್ರೀ. ಕೈ ಎತ್ತಿದ ಕೂಡಲೇ ತಪ್ಪು ಅಂತ ಗೊತ್ತಾಯ್ತು. ಅಷ್ಟು ಜನರ ಮುಂದೆ ಇಳಿಸೋಕೆ ನಾಚಿಕೆ ಆಯ್ತು."

ಯಾರೋ ಕರೆದರು. ನಾಯಕ ಕಾರು ಹತ್ತಿ ಹೋದ.

ಸೈಕಲ್ ರಿಪೇರಿಯವನು ತೊಡೆ ತಟ್ಟಿ ನಕ್ಕ. "ಕೇಳಿದೆಯಾ? ಕ್ಯಾಪ್ಟನ್ ಬಾಯಲ್ಲೇ ಬಂತು! ಮೂವತ್ತೊಂಬತ್ತು ವರ್ಷ ತಲೆ ತಿಂದೆಯಲ್ಲೋ!" ಎಂದ. ದಾರಿಯಲ್ಲಿ ಸಿಕ್ಕವರಿಗೆ ಹೇಳಿದ. ಹೋಟೆಲಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದ. ಹೇಳಿ ಮುಗಿಸಿ ಪಕ್ಕಕ್ಕೆ ತಿರುಗಿದ. ದರ್ಜಿ ಇರಲಿಲ್ಲ. ಗೇಟಿನಿಂದಲೇ ಮನೆಗೆ ಹೋಗಿದ್ದ.

ಮರುದಿನ ಐದಕ್ಕೆ ದರ್ಜಿ ಬರಲಿಲ್ಲ.

"ಬೈ ಟು?" ಎಂದು ಹೆಂಗಸು ಕೇಳಿದಳು. ಸೈಕಲ್ ರಿಪೇರಿಯವನು ತಲೆಯಾಡಿಸಿದ. ಎರಡು ಗ್ಲಾಸು ಬಂದವು. ಒಂದನ್ನು ಕುಡಿದು ಎದ್ದ.

ಮೂರನೆಯ ದಿನವೂ ಹಾಗೆಯೇ ಆಯಿತು.

ನಾಲ್ಕನೆಯ ದಿನ ಪಕ್ಕದ ಬೆಂಚಿನಲ್ಲಿ ಇಬ್ಬರು ಕಾಲೇಜಿನ ತರುಣರಿದ್ದರು. ಸೈಕಲ್ ರಿಪೇರಿಯವನು ತಾನು ವಾದ ಗೆದ್ದದ್ದನ್ನು ಅವರಿಗೆ ಹೇಳಿದ. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಒಬ್ಬ ಕೇಳಿದ: "ನಮ್ಮ ಕಾಲೇಜಿನಲ್ಲಿ ಫುಟ್‌ಬಾಲ್ ಇತ್ತಾ ಅಜ್ಜ?"

ಸೈಕಲ್ ರಿಪೇರಿಯವನು ಗ್ಲಾಸು ಕೆಳಗಿಟ್ಟು ಎದ್ದ. ಆ ಸಂಜೆ ಮನೆಯಲ್ಲಿ ಕುಳಿತು ಆಟವನ್ನು ಮೊದಲಿನಿಂದ ನೆನಪು ಮಾಡಿಕೊಂಡ. ಕಾರ್ನರ್ ಒದ್ದವನು ಯಾರು ಎಂಬುದು ನೆನಪಿಗೆ ಬರಲಿಲ್ಲ. ಎಡಗಾಲಿನ ಹುಡುಗ, ಕಿವಿಯ ಹತ್ತಿರ ಗಾಯದ ಕಲೆ. ಹೆಸರು ಹೋಗಿಬಿಟ್ಟಿತ್ತು. ಅದನ್ನು ಕೇಳಬಹುದಾದವನು ಊರಿನಲ್ಲಿ ಒಬ್ಬನೇ ಇದ್ದ. ಅವನು ನಾಲ್ಕು ದಿನದಿಂದ ಬಂದಿರಲಿಲ್ಲ.

ಬೆಳಿಗ್ಗೆ ಎದ್ದು ದರ್ಜಿಯ ಅಂಗಡಿಗೆ ಹೋದ.

ದರ್ಜಿ ಮೆಷಿನ್ ತುಳಿಯುತ್ತಿದ್ದ. ತಲೆ ಎತ್ತಿ ನೋಡಿದ. "ಬನ್ನಿ. ಏನು ಹೊಲಿಯಬೇಕು?" ಎಂದ.

ಅದುವರೆಗೆ ಅವನು 'ಬಾರೋ' ಎಂದದ್ದೇ ಹೊರತು 'ಬನ್ನಿ' ಎಂದವನಲ್ಲ. ಸೈಕಲ್ ರಿಪೇರಿಯವನಿಗೆ ಹೊಸಿಲು ದಾಟಲು ಆಗಲಿಲ್ಲ. ಅಲ್ಲೇ ನಿಂತ. ಬರುವಾಗ ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದನೋ ಅದೆಲ್ಲ ಮರೆತುಹೋಯಿತು.

"ಆ ಕ್ಯಾಪ್ಟನ್ನಿಗೆ ಏನೋ ಗೊತ್ತು?" ಎಂದ.

ಮೆಷಿನ್ ನಿಂತಿತು.

"ಅವನು ಮೈದಾನದ ಮಧ್ಯ ನಿಂತಿದ್ದ. ನೂಕುನುಗ್ಗಲು. ಅವನಿಗೆ ಕಂಡದ್ದು ನಾಲ್ಕು ಜನರ ಬೆನ್ನು. ಗೋಡೆ ಮೇಲೆ ಕೂತು ಪೂರ್ತಿ ನೋಡಿದವರು ನಾವು."

"ತಪ್ಪು ಅಂತ ಅವನೇ ಹೇಳಿದನಲ್ಲ," ಎಂದ ದರ್ಜಿ.

"ಹೇಳಿದ. ವಯಸ್ಸಾಗಿದೆ. ಆಡೋದು ಬೇರೆ, ಆಟ ತಿಳಿಯೋದು ಬೇರೆ. ಅವನ ಮಾತು ಲೆಕ್ಕಕ್ಕಿಲ್ಲ."

"ಹಾಗಾದರೆ ನಾನು ಹೇಳಿದ್ದು ಸರಿ ಅಂತೀಯಾ?"

"ನಿನ್ನದೂ ತಪ್ಪೇ. ಆದರೆ ಅವನು ಹೇಳಿದ ಅಂತ ತಪ್ಪಲ್ಲ. ನಾನು ಹೇಳ್ತೀನಿ ಅಂತ ತಪ್ಪು."

ದರ್ಜಿ ಮೆಷಿನ್ನಿನಿಂದ ಬಟ್ಟೆ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ: "ಚೆಂಡು ಕೀಪರ್ ತಲೆಗಿಂತ ಒಂದು ಗೇಣು ಮೇಲೆ ಹೋಯ್ತು. ಒಂದೇ ಗೇಣು. ಇನ್ನಷ್ಟು ಹಾರಿದ್ದರೆ ಗೋಲು."

"ಗೇಣಲ್ಲ. ಒಂದು ಮೊಳ."

"ಗೇಣು."

"ಮೊಳ ಕಣೋ. ಕಣ್ಣಾರೆ ನೋಡಿದೀನಿ."

ದರ್ಜಿ ಕೊರಳಿನ ಟೇಪನ್ನು ತೆಗೆದು ಮೇಜಿನ ಮೇಲೆ ಬಡಿದ. "ಪಂಕ್ಚರ್ ಹಾಕೋನು ಅಳತೆ ನನಗೆ ಹೇಳಿಕೊಡ್ತೀಯಾ? ಒಳಗೆ ಬಾರೋ, ತೋರಿಸ್ತೀನಿ."

ಸೈಕಲ್ ರಿಪೇರಿಯವನು ಒಳಗೆ ಹೋದ. ಅಂದು ಐದಕ್ಕೆ ಇಬ್ಬರೂ ಹೋಟೆಲಿಗೆ ಬಂದರು. ಹೆಂಗಸು ಒಂದು ಚಹಾ, ಎರಡು ಗ್ಲಾಸು ತಂದಿಟ್ಟಳು.

ಗುರುಗಳು ನಿಲ್ಲಿಸಿದರು.

ಶಿಷ್ಯ ತರ್ಕದ ವಿದ್ಯಾರ್ಥಿ. ಅಷ್ಟಕ್ಕೆ ಅವನಿಗೆ ತೃಪ್ತಿಯಾಗಲಿಲ್ಲ.

"ಗುರುಗಳೇ, ವಾದವೆಂದರೆ ಅದಕ್ಕೊಂದು ನಿರ್ಣಯವಿರಬೇಕು. ಕೊನೆಗೆ ಗೆದ್ದವರು ಯಾರು?"

ಗುರುಗಳು ಹೇಳಿದರು: "ಒಬ್ಬ ತೀರಿಕೊಂಡ, ಇನ್ನೊಬ್ಬ ಈಗ ಒಂಟಿಯಾಗಿ ಕುಳಿತು ಎರಡೂ ಕಡೆಯ ವಾದವನ್ನು ತಾನೇ ಮಾಡುತ್ತಾನೆ."